ಮೈಸೂರು ಹುಳುವಿನ ಕುಲ ಹುಡುಕುತ್ತ

ಶ್ರೀರಂಗಪಟ್ಟಣಕ್ಕೆ ಬಂದವರು ದರಿಯಾ ದೌಲತ್ತಿನ ಗೋಡೆಚಿತ್ರ ನೋಡುತ್ತಾರೆ, ಗುಂಬಜ್ ಸುತ್ತುತ್ತಾರೆ, ಸಂಗಮದಲ್ಲಿ ಕಾಲು ನೆನೆಸಿ ಹೊರಡುತ್ತಾರೆ. ನಾನು ಬಂದದ್ದು ಒಂದು ಪತಂಗದ ಜಾಡು ಹಿಡಿದು. 1786ರ ಸೆಪ್ಟೆಂಬರಿನಲ್ಲಿ ಟಿಪ್ಪು ಇಲ್ಲಿನ ಕಿಲ್ಲೇದಾರನಿಗೆ ಒಂದು ಕಾಗದ ಬರೆದ. ಬಂಗಾಳಕ್ಕೆ ಹೋದ ಇಬ್ಬರು ರೇಷ್ಮೆಹುಳು ತರುತ್ತಿದ್ದಾರೆ, ಅವನ್ನು ಎಲ್ಲಿಡಬೇಕೆಂದು ಅವರನ್ನೇ ಕೇಳು, ಸೊಪ್ಪು ಒದಗಿಸು ಎಂದು ಅದರ ಸಾರಾಂಶ. ಮಸ್ಕತ್ತಿನಿಂದಲೂ ಹುಳು ತರಿಸುವ ಪ್ರಯತ್ನ ನಡೆದಿತ್ತು. ಫಿರಂಗಿ, ಕುದುರೆಗಳ ಚಿಂತೆಯಲ್ಲಿದ್ದ ದೊರೆಗೆ ಹುಳುವಿನ ಯೋಗಕ್ಷೇಮದ ಚಿಂತೆಯೂ ಇತ್ತು!

ಇದಾಗಿ ಸರಿಯಾಗಿ ನೂರು ವರ್ಷಕ್ಕೆ, 1886ರಲ್ಲಿ, ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಜೇಮ್ಸ್ ವುಡ್-ಮೇಸನ್ ನಮ್ಮ ಮೈಸೂರು, ಕೊಳ್ಳೇಗಾಲದ ಹುಳುವಿಗೆ ಪ್ರತ್ಯೇಕ ಪ್ರಭೇದದ ಪಟ್ಟ ಕಟ್ಟಿದ. ಹೆಸರು ಬಾಂಬಿಕ್ಸ್ ಮೆರಿಡಿಯೊನಾಲಿಸ್, ಅಂದರೆ ತೆಂಕಣದ ಬಾಂಬಿಕ್ಸ್. ಅದಕ್ಕೂ ಮೊದಲು, 1862ರಲ್ಲಿ, ಮೂರ್ ಮತ್ತು ಹಟ್ಟನ್ ಎಂಬಿಬ್ಬರು ಸಾಕು ಹುಳುಗಳನ್ನೇ ಒಡೆದು ಟೆಕ್ಸ್ಟರ್, ಕ್ರೀಸಿ, ಫಾರ್ಚುನೇಟಸ್, ಸೈನೆನ್ಸಿಸ್ ಎಂದು ಬೇರೆ ಬೇರೆ ಪ್ರಭೇದ ಮಾಡಿದ್ದರು. ಲಿನೇಯಸ್ 1758ರಲ್ಲಿ ಕೊಟ್ಟಿದ್ದ ಮೋರಿ ಎಂಬ ಒಂದೇ ಹೆಸರು ಅವರಿಗೆ ಸಾಲಲಿಲ್ಲ. ನಮ್ಮ ಹುಳು ಬಂಗಾಳದಿಂದಲೇ ಬಂದದ್ದಾದರೆ, ನೂರೇ ವರ್ಷದಲ್ಲಿ ಕಾವೇರಿ ನೀರು ಕುಡಿದ ಸೊಪ್ಪು ತಿಂದು ಬೇರೆ ಪ್ರಾಣಿಯಾಗಿಬಿಟ್ಟಿತೇ? ಈ ಪ್ರಶ್ನೆಯನ್ನು ಹೊತ್ತೇ ಪಾಂಡವಪುರದ ಬಸ್ಸು ಹತ್ತಿದೆ.

ಕುಂತಿಬೆಟ್ಟ ಕಾಣುವ ಒಂದು ಹಳ್ಳಿಯಲ್ಲಿ ಹುಳುಮನೆಯ ಬಾಗಿಲಲ್ಲೇ ತಡೆ ಬಿತ್ತು. "ಚೆಪ್ಲಿ ಆಚೆ ಬುಟ್ಟು, ಕೈಕಾಲ್ ತೊಳ್ಕಂಡು ಬನ್ನಿ ಸಾ," ಎಂದರು ಮನೆಯಾಕೆ. ಒಳಗೆ ನಾಲ್ಕನೇ ಜ್ವರದಿಂದೆದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ, ಹುಳುಗಳು ತಟ್ಟೆಗಳ ತುಂಬ. ಸಾಸಿವೆಗಿಂತ ಚಿಕ್ಕ ಮೊಟ್ಟೆಯಿಂದ ಹೊರಟು, ಇಪ್ಪತ್ತೈದು ದಿನದ ಆಸುಪಾಸಿನಲ್ಲಿ ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ಆಗುವ ಪ್ರಾಣಿ! ಪಕ್ಕದ ಚಂದ್ರಿಕೆಯಲ್ಲಿ ಹಣ್ಣಾದ ಹುಳುಗಳು ಗೂಡು ಕಟ್ಟುತ್ತಿದ್ದವು, ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ. ಗೂಡು ಹಳದಿ, ಮಿಶ್ರತಳಿಯದು.

ಆಕೆಯ ವರ್ಗೀಕರಣ ಬಲು ಸ್ಪಷ್ಟ. ಮೈಸೂರು ಹುಳು, ಮಿಶ್ರ, ಬಿಳಿಗೂಡು, ಅಷ್ಟೇ. "ಮೈಸೂರ್ ಹುಳ ಹೆಂಗೋ ಬದುಕ್ಕತದೆ. ಬಿಳೀದು ಮಾತ್ರ ಎಳೇ ಕೂಸಿದ್ದಂಗೆ, ಒಂಚೂರ್ ಹೆಚ್ಚುಕಮ್ಮಿ ಆದ್ರೆ ಹಾಲುತೊಂಡೆ ಹತ್ಕತದೆ."

ಇವರ ವಿಂಗಡಣೆ ಮ್ಯೂಸಿಯಮ್ಮಿನವರದಕ್ಕಿಂತ ಗಟ್ಟಿ ಎಂದೇ ನನಗನಿಸುತ್ತದೆ. ವುಡ್-ಮೇಸನ್ ಕೊಟ್ಟ ಹೆಸರು ಇಂದು ಬಾಂಬಿಕ್ಸ್ ಮೋರಿಯ ಪರ್ಯಾಯನಾಮಗಳ ಪಟ್ಟಿಯಲ್ಲಿ ಒಂದು ಸಾಲು ಮಾತ್ರ. ಮೂರ್-ಹಟ್ಟನ್ನರ ಆ ಹೆಸರುಗಳೂ ಅಲ್ಲೇ ಇವೆ. ಹಟ್ಟನ್ನನ ಹೆಸರು ಮಾತ್ರ ಹಿಮಾಲಯದ ಕಾಡು ಹಿಪ್ಪುನೇರಳೆ ತಿನ್ನುವ ಇನ್ನೊಂದು ಪತಂಗದ ಮೇಲೆ, ಬಾಂಬಿಕ್ಸ್ ಹಟ್ಟೋನಿ ಎಂದು, ಉಳಿದುಕೊಂಡಿತು. ಅದನ್ನೂ ಕೆಲವರು ಬೇರೆ ಕುಲಕ್ಕೆ, ಥಿಯೊಫಿಲಾಕ್ಕೆ, ಸೇರಿಸಿದ್ದುಂಟು.

ಮೇಲುಕೋಟೆಯಲ್ಲಿ ಪುಳಿಯೋಗರೆ, ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣನ ದರ್ಶನ. ಆ ಕೆತ್ತನೆಯ ಮುಂದೆ ನನ್ನ ಹುಳು ಸ್ವಲ್ಪ ಹೊತ್ತು ಮರೆತೇಹೋಯಿತು. ಕೆ.ಆರ್. ಪೇಟೆ ಆಚೆ, ಕಬ್ಬಿನ ಗದ್ದೆಗಳ ನಡುವಿನ ಎತ್ತರದ ಶೆಡ್ಡೊಂದರಲ್ಲಿ ಬೈವೋಲ್ಟೀನ್ ಹುಳು, ಅಂದರೆ ಪಾಂಡವಪುರದಾಕೆ ಹೇಳಿದ ಬಿಳಿಗೂಡಿನದು, ಕಂಡೆ. ರೆಂಬೆ ಸಮೇತ ಸೊಪ್ಪು ಹಾಕಿದ್ದರು. ಗೂಡು ಹಾಲಿನಷ್ಟು ಬಿಳಿ. ಒಂದರಿಂದ ಸಾವಿರ ಮೀಟರು ದಾಟಿ ಎಳೆ ಬರುತ್ತದೆ. ಮೈಸೂರು ಗೂಡಿನಲ್ಲಿ ಅದರ ಅರ್ಧವೂ ಇಲ್ಲ. ಆದರೆ ಬೈವೋಲ್ಟೀನಿನ ಮೊಟ್ಟೆ ಚಳಿಗಾಲ ಕಳೆಯುವ ತನಕ ಮಲಗುವ ಜಾತಿಯದು. ಎಬ್ಬಿಸಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಬೇಕು! ಮೈಸೂರು ಹುಳುವಿಗೆ ಆ ನಿದ್ದೆಯೇ ಇಲ್ಲ, ವರ್ಷವಿಡೀ ಬೆಳೆ ಮೇಲೆ ಬೆಳೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಬೇರೆ ಪ್ರಭೇದವೆಂದರೆ ತಪ್ಪು ಹೊರಿಸುವುದು ಕಷ್ಟ.

ನಾಗಮಂಗಲ ದಾಟಿ, ಬೆಳ್ಳೂರು ಕ್ರಾಸಿನಿಂದ ಕುಣಿಗಲ್ ಕಡೆ ಹೊರಳಿದರೆ ಶುದ್ಧ ಮೈಸೂರು ತಳಿಯ ಬಿತ್ತನೆಗೂಡು ಬೆಳೆಯುವ ಸೀಮೆ. ಅಲ್ಲಿನ ಒಂದು ಬಿತ್ತನೆ ಕೋಠಿಯಲ್ಲಿ ಕೊನೆಗೂ ಪತಂಗವನ್ನೇ ನೋಡಿದೆ. ಬಾಯಿಯಿದ್ದೂ ಉಣ್ಣದು, ರೆಕ್ಕೆಯಿದ್ದೂ ಹಾರದು. ಹೆಣ್ಣಿನ ಗಂಧ ತಾಗಿದ್ದೇ ತಡ, ಗಂಡು ರೆಕ್ಕೆ ಬಡಿಯುತ್ತ ಗಿರ್ರನೆ ಸುತ್ತುತ್ತದೆ. ಆ ಗಂಧವನ್ನು 1959ರಲ್ಲಿ ಬೇರ್ಪಡಿಸಲು ಜರ್ಮನಿಯ ಬುಟೆನಾಂಟ್‌ಗೆ ಸುಮಾರು ಐದು ಲಕ್ಷ ಹೆಣ್ಣು ಪತಂಗಗಳು ಬೇಕಾದವು.

ಕೋಠಿಯ ಹುಡುಗ ಜೋಡಿ ಕೂಡಿಸುತ್ತಿದ್ದ. ಹೆಣ್ಣು ಮೈಸೂರು, ಗಂಡು ಸಿಎಸ್‌ಆರ್-2. "ಗಂಡಿನ ಕಡೆಯೋರು ಜಪಾನು," ಎಂದು ನಕ್ಕ; ಸಿಎಸ್‌ಆರ್ ತಳಿಗಳನ್ನು ಮೈಸೂರಿನ ಸಂಶೋಧನಾ ಸಂಸ್ಥೆ ಜಪಾನಿನ ಮಿಶ್ರತಳಿಗಳಿಂದ ರೂಪಿಸಿದ್ದು ನಿಜ. ಪಾಂಡವಪುರದಲ್ಲಿ ಕಂಡ ಹಳದಿ ಗೂಡು ಇಂಥ ಸಂಬಂಧದ ಫಲವೇ. ಮೆರಿಡಿಯೊನಾಲಿಸ್ ಬೇರೆ ಪ್ರಭೇದವಲ್ಲ ಎನ್ನಲು ಇಷ್ಟು ಸಾಲದೇ ಎಂದುಕೊಂಡೆ. ಸಾಲದು, ಕೂಡಿ ಮರಿ ಮಾಡುವುದೊಂದೇ ಪ್ರಭೇದದ ಗುರುತಲ್ಲ. ಮೋರಿಗೆ 28 ಜೋಡಿ ವರ್ಣತಂತು, ಜಪಾನಿನ ಕಾಡು ಪತಂಗ ಬಾಂಬಿಕ್ಸ್ ಮ್ಯಾಂಡರಿನಾಕ್ಕೆ 27. ಆದರೂ ಅವೆರಡೂ ಕೂಡುತ್ತವೆ, ಹುಟ್ಟಿದ ಮರಿಗಳೂ ಫಲವತ್ತಾಗಿರುತ್ತವೆ. 2009ರಲ್ಲಿ ನಲವತ್ತು ಹುಳುಗಳ ಜೀನೋಮು ಓದಿದ ವಿಜ್ಞಾನಿಗಳು ಸಾಕು ಹುಳುಗಳೆಲ್ಲ ಒಂದೇ ಗುಂಪು, ಕಾಡಿನವು ಬೇರೆ ಎಂದು ಕಂಡರು. ಮ್ಯಾಂಡರಿನಾವನ್ನು ಪ್ರತ್ಯೇಕ ಪ್ರಭೇದವೆನ್ನಬೇಕೋ ಮೋರಿಯ ಉಪಪ್ರಭೇದವೆನ್ನಬೇಕೋ ಎಂಬಲ್ಲಿ ಮಾತ್ರ ಈಗಲೂ ಎಲ್ಲರದೂ ಒಂದೇ ಮಾತಲ್ಲ.