ಪುಂಟಿಪಲ್ಲೆಯ ಖಂಡ ಮತ್ತು ಒಂದು ಕೆಂಪು ಗೆರೆ

ಕಳೆದ ಆಂತರಿಕ ಪರೀಕ್ಷೆಯಲ್ಲಿ ‘ನಮ್ಮ ಮನೆಯ ಅಡುಗೆ’ ಎಂಬ ವಿಷಯವಾಗಿ ಒಂದು ಪುಟ ಬರೆಯಲು ಹೇಳಿದ್ದೆ. ಕೃಷ್ಣಾ ತೀರದ ಹಳ್ಳಿಯೊಂದರಿಂದ ಮಕ್ತಲ್ ಮಾರ್ಗವಾಗಿ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ‘ಪುಂಟಿಪಲ್ಲೆ ಹಾಕಿದ ಖಂಡ’ದ ಬಗ್ಗೆ ಬರೆದಿದ್ದಳು. ಬರಹ ಚೆನ್ನಾಗಿತ್ತು. ಆದರೂ ‘ಪುಂಟಿಪಲ್ಲೆ’ ಎಂಬ ಮಾತಿನ ಕೆಳಗೆ ನನ್ನ ಕೈ ತಾನಾಗಿಯೇ ಕೆಂಪು ಗೆರೆ ಎಳೆಯಿತು. ಪಕ್ಕದಲ್ಲಿ ‘ಪುಂಡಿ ಸೊಪ್ಪು’ ಎಂದು ಬರೆದು ಅರ್ಧ ಅಂಕ ಕಳೆದೆ. ಉತ್ತರಪತ್ರಿಕೆ ಹಿಂತಿರುಗಿಸಿದ ದಿನ ಅವಳು ತರಗತಿ ಮುಗಿಯುವವರೆಗೆ ಕಾದು ನನ್ನ ಬಳಿಗೆ ಬಂದಳು.

“ಸರ್, ನಮ್ಮ ಮನ್ಯಾಗ ಎಲ್ಲಾರೂ ಹಿಂಗೇ ಅಂತಾರ್ರೀ. ಇದು ಕನ್ನಡ ಅಲ್ಲೇನ್ರೀ?”

ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಕನ್ನಡ ಕಲಿಸಿದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ‘ನಾಳೆ ಹೇಳುತ್ತೇನೆ’ ಎಂದು ಕಳುಹಿಸಿದೆ. ಆ ನಾಳೆ ಬರಲು ಒಂದು ವಾರ ಹಿಡಿಯಿತು. ನಡುವೆ ಬಂದ ಭಾನುವಾರ ನಾನು ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಅದೇ ಅಡುಗೆಯನ್ನು ಮಾಡಲು ಹೊರಟೆ. ಶ್ರಾವಣ ಮುಗಿದಿತ್ತು. ಅವ್ವ ತೀರಿಕೊಂಡ ಆರು ವರ್ಷಗಳಲ್ಲಿ ನಾನಾಗಿ ಒಲೆಯ ಮುಂದೆ ನಿಂತದ್ದು ಅದೇ ಮೊದಲು.

ನನ್ನ ಅವ್ವ ಹುಟ್ಟಿದ್ದು ಗದ್ವಾಲದಲ್ಲಿ. ಆಗ ಗದ್ವಾಲ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯ ತಾಲೂಕಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೂ, ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೂ ಸೇರಿದವು. ಮನೆ ಕದಲಲಿಲ್ಲ, ರಾಜ್ಯ ಬದಲಾಯಿತು. ಅಪ್ಪ ಮಕ್ತಲಿನವರು, ಕನ್ನಡ ಮಾತಾಡುವವರು. ಅಪ್ಪನ ತಾಯಿ, ನಮ್ಮ ಆಜಿ, ಸೊಲ್ಲಾಪುರದ ಕಡೆಯಿಂದ ಬಂದವಳು, ಕೊನೆಯವರೆಗೂ ಮರಾಠಿಯಲ್ಲೇ ಗದರಿದವಳು. ಅವಳ ಹಟದಿಂದ ನಾನು ನಾಲ್ಕನೆಯ ಇಯತ್ತೆಯವರೆಗೆ ಮರಾಠಿಯಲ್ಲಿ ಓದಿದೆ, ಬಳಿಕ ಕನ್ನಡ ಶಾಲೆಗೆ ಹೋದೆ. ಆದ್ದರಿಂದ ನಮ್ಮ ಮನೆಯಲ್ಲಿ ಒಂದೇ ಎಲೆಗೆ ಮೂರು ಹೆಸರಿದ್ದವು. ಆಜಿಗೆ ಅದು ‘ಅಂಬಾಡಿ’, ಅಪ್ಪನಿಗೆ ‘ಪುಂಡಿಪಲ್ಲೆ’, ಅವ್ವನಿಗೆ ‘ಪುಂಟಿಕೂರ’. ನೆರೆಮನೆಯ ಸಾಹೇಬರು ‘ಅಂಬಾಡೆ ಕಿ ಭಾಜಿ’ ಎನ್ನುತ್ತಿದ್ದರು. ಯಾರೂ ಯಾರನ್ನೂ ತಿದ್ದುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಪೇಟೆಗೆ ಹೋದೆ. ನಮ್ಮೂರಿನ ಮಾಂಸದಂಗಡಿಯವರು ಆರೆ ಕಟಿಕರು. ತಮ್ಮೊಳಗೆ ಮರಾಠಿ ಬೆರೆತ ನುಡಿಯಲ್ಲಿ ಮಾತಾಡಿಕೊಂಡು, ಗಿರಾಕಿಗೆ ತೆಲುಗಿನಲ್ಲಿ ದರ ಹೇಳಿ, ನನ್ನೊಡನೆ ಕನ್ನಡದಲ್ಲಿ ಹರಟುತ್ತಾರೆ. ಒಂದು ಕಿಲೋ ಎಳೆಕುರಿಯ ಮಾಂಸ ತೂಗಿಸಿದೆ. ತೊಡೆಯ ಜೊತೆಗೆ ಎದೆಯ ಎಲುಬು, ಎರಡು ನಳ್ಳಿ. ಬರಿಯ ಮೆದು ಮಾಂಸದಿಂದ ಸಾರಿಗೆ ಸತ್ವ ಬರದು. ಪುಂಡಿಯಲ್ಲಿ ಬಿಳಿ ದಂಟಿನದು, ಕೆಂಪು ದಂಟಿನದು ಎಂದು ಎರಡು ಬಗೆ. ಕೆಂಪಿನದು ಹೆಚ್ಚು ಹುಳಿ. ಅದನ್ನೇ ತಂದೆ, ಬಿಡಿಸಿದ ಮೇಲೆ ಸುಮಾರು 300 ಗ್ರಾಂ ಎಲೆಯಾಯಿತು. ಹಿಂದೆ ಜೋಳದ ಹೊಲಗಳ ಅಂಚಿನಲ್ಲಿ ಪುಂಡಿ ಹಾಕಿ, ಎಲೆಯನ್ನು ಅಡುಗೆಗೂ ದಂಟಿನ ನಾರನ್ನು ಹಗ್ಗಕ್ಕೂ ಬಳಸುತ್ತಿದ್ದರು.

ಮಾಂಸ ತೊಳೆದು ಅರಿಸಿನ, ಉಪ್ಪು, ಶುಂಠಿ ಬೆಳ್ಳುಳ್ಳಿಯ ಮುದ್ದೆ ಹಚ್ಚಿ ಅರ್ಧ ಗಂಟೆ ಬಿಟ್ಟೆ. ಮಣ್ಣಿನ ಗಡಿಗೆಯಲ್ಲಿ ಶೇಂಗಾ ಎಣ್ಣೆ ಕಾಯಿಸಿ ಮೂರು ಉಳ್ಳಾಗಡ್ಡಿಯನ್ನು ಕಂದುಬಣ್ಣ ಬರುವವರೆಗೆ ಹುರಿದೆ. ಮಾಂಸ ಹಾಕಿದ ಮೇಲೆ ಅದು ತನ್ನ ನೀರು ಬಿಟ್ಟು, ಆ ನೀರು ಇಂಗಿ, ಎಣ್ಣೆ ಬೇರ್ಪಡುವವರೆಗೆ ಕಾಯಬೇಕು. ಇದಕ್ಕೇ ಇಪ್ಪತ್ತು ನಿಮಿಷ. ಬಳಿಕ ಮೂರು ಚಮಚ ಖಾರದಪುಡಿ, ಎರಡು ಚಮಚ ಧನಿಯಾಪುಡಿ, ಒಂದು ಲೀಟರಿನಷ್ಟು ಕುದಿಯುವ ನೀರು. ತಣ್ಣೀರು ಸಲ್ಲದು. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಬೇಕು. ಅವಸರವಿದ್ದವರು ಕುಕ್ಕರಿನಲ್ಲಿ ಐದಾರು ಸೀಟಿಗೆ ಮುಗಿಸಬಹುದು.

ನಾನು ಎಲೆಗಳನ್ನೂ ಗಡಿಗೆಗೆ ಸುರಿಯಲು ಕೈಯೆತ್ತಿದೆ. ನನ್ನ ಹೆಂಡತಿ ತಡೆದಳು. ಅವಳು ಈ ಅಡುಗೆಯನ್ನು ಕಲಿತದ್ದು ಅವ್ವನಿಂದ.

“ಈಗ ಬ್ಯಾಡ್ರಿ. ಹುಳಿ ಮೊದ್ಲ ಬಿದ್ರ ಖಂಡ ಬಿಗೀತದ ಅಂತಿದ್ರು ಅತ್ತಿ.”

ಎಲೆಗಳನ್ನು ಬೇರೆ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ನಾಲ್ಕು ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯೊಡನೆ ಬಾಡಿಸಲು ಇಟ್ಟೆ. ನೋಡನೋಡುತ್ತ ರಾಶಿಯಾಗಿದ್ದ ಸೊಪ್ಪು ಒಂದು ಹಿಡಿಯಷ್ಟಾಯಿತು, ಹಸಿರು ಹೋಗಿ ಮಬ್ಬುಗಂದಾಯಿತು. ಹುಳಿಯೂ ಕಾವೂ ಕೂಡಿದಾಗ ಎಲೆಯ ಹಸಿರಿನೊಳಗಿನ ಮೆಗ್ನೀಸಿಯಂ ಕಳಚಿಕೊಳ್ಳುವುದೇ ಈ ಬಣ್ಣಗೇಡಿಗೆ ಕಾರಣ. ರುಚಿಗೆ ಅದರಿಂದ ಕೇಡಿಲ್ಲ.

ಸೊಪ್ಪನ್ನು ಮಸೆಯುತ್ತ ಹೆಂಡತಿಯನ್ನು ಕೇಳಿದೆ, “ಅವ್ವ ಇದಕ್ಕೆ ಏನಂತಿದ್ದಳು, ನೆನಪಿದೆಯೇ?”

“ನನ್ನ ಮುಂದ ಪುಂಟಿಕೂರ ಅಂತಿದ್ರು. ನೀವು ಇದ್ರ ‘ಪಲ್ಯ’ ಅಂತ ಅಷ್ಟ. ಯಾಕತ್ತಿ ಅಂತ ಒಮ್ಮೆ ಕೇಳಿದ್ದೆ. ‘ಅವನ ಮುಂದ ಬ್ಯಾಡವಾ’ ಅಂದ್ರು.”

ನನ್ನ ಕೈ ನಿಂತಿತು. ಕಾರಣ ನನಗೆ ತಿಳಿದಿತ್ತು. ನಾನು ಹೊಸದಾಗಿ ಅಧ್ಯಾಪಕನಾಗಿದ್ದಾಗ, ಇನ್ನೂ ಮದುವೆಯಾಗಿರಲಿಲ್ಲ, ದಕ್ಷಿಣದ ಕಡೆಯ ಇಬ್ಬರು ಹಿರಿಯ ಅಧ್ಯಾಪಕರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅವ್ವ ಬಿಸಿ ಜೋಳದ ರೊಟ್ಟಿಯೊಡನೆ ಇದೇ ಸಾರನ್ನು ಬಡಿಸುತ್ತ, “ಇನ್ನೊಂದೀಟು ಪುಂಟಿಕೂರ ಖಂಡ ಹಾಕ್ಲೇನ್ರೀ?” ಎಂದಳು. ಅತಿಥಿಗಳು ನಗಲಿಲ್ಲ, ಏನೂ ಅನ್ನಲಿಲ್ಲ. ನಾನೇ ನಕ್ಕು, “ಅವ್ವಾ, ಅದು ತೆಲುಗು. ಕನ್ನಡದಲ್ಲಿ ಪುಂಡಿ ಸೊಪ್ಪು ಅನ್ನಬೇಕು” ಎಂದೆ. ಅವ್ವ ತಲೆಯಾಡಿಸಿ ಒಳಗೆ ಹೋದಳು. ಮತ್ತೆ ಬಡಿಸಲು ಬಂದಾಗ ಮಾತಾಡಲಿಲ್ಲ. ಅದನ್ನು ಅಂದೇ ಮರೆತಳೆಂದು ನಾನು ತಿಳಿದಿದ್ದೆ. ಅವಳು ಬದುಕಿದ್ದಷ್ಟು ಕಾಲ ನನ್ನ ಮುಂದೆ ಒಂದು ಪದವನ್ನು ನುಂಗಿಕೊಂಡಿದ್ದಳು ಎಂಬುದು ಆ ಭಾನುವಾರ ತಿಳಿಯಿತು.

ವಿದ್ಯಾರ್ಥಿಮಿತ್ರರೇ, ನಾವು ತರಗತಿಯಲ್ಲಿ ಓದುವ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲೇ ಗೋದಾವರಿಯನ್ನು ಕನ್ನಡ ನಾಡಿನ ಬಡಗಣ ಎಲ್ಲೆಯಾಗಿ ಹೇಳಿತು. ಕನ್ನಡ ಒಂದೇ ಅಲ್ಲ, ಹಲವು ಎಂಬುದನ್ನೂ ಗುರುತಿಸಿತು. ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಅಡುಗೆಯ ಗ್ರಂಥಗಳೂ ನಮ್ಮಲ್ಲಿವೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಬರೆದ. ಜೈನ ಕವಿಯಾದ್ದರಿಂದ ಅದರಲ್ಲಿ ಮಾಂಸಕ್ಕೆ ಎಡೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಾಂಸದ ಅಡುಗೆಗಳಿವೆ. ಆದರೆ ಅದು ಸಂಸ್ಕೃತ ಗ್ರಂಥ, ಅರಮನೆಯ ಊಟ. ಗದ್ವಾಲದ ಹೆಣ್ಣುಮಗಳೊಬ್ಬಳು ಮಕ್ತಲಿನ ಮನೆಗೆ ಸೊಸೆಯಾಗಿ ಬಂದು, ಸೊಲ್ಲಾಪುರದ ಅತ್ತೆ ಕಲಿಸಿದಂತೆ ಹುರಿದ ಒಣಕೊಬ್ಬರಿ ಗಸಗಸೆ ಅರೆದು ಹಾಕಿ ಕುದಿಸಿದ ಸಾರು ಅವೆರಡರಲ್ಲೂ ಇಲ್ಲ. ಅದು ಇದ್ದದ್ದು ಅವಳ ಮಾತಿನಲ್ಲಿ. ಆ ಮಾತನ್ನು ನಿಲ್ಲಿಸಿದವನು ಕನ್ನಡದ ಅಧ್ಯಾಪಕ.

ಮಾಂಸ ಬೆಂದ ಮೇಲೆ ಅರೆದ ಕೊಬ್ಬರಿಯನ್ನೂ ಮಸೆದ ಸೊಪ್ಪನ್ನೂ ಕೂಡಿಸಿ ಇನ್ನೂ ಹದಿನೈದು ನಿಮಿಷ ಕುದಿಸಿದೆವು. ಮೇಲೆ ಎಣ್ಣೆ ತೇಲಿತು. ಉಪ್ಪು ತುಸು ಹೆಚ್ಚಾಗಿತ್ತು. ಹುಳಿಗೆ ಉಪ್ಪು ಎಷ್ಟು ಬೇಕೆಂಬುದು ಒಂದೇ ಸಲಕ್ಕೆ ಕೈಗೆ ಬರುವ ಹದವಲ್ಲ. ಆದರೂ ರೊಟ್ಟಿಯ ಮೊದಲ ತುತ್ತಿಗೆ ಹಲ್ಲಿನ ಬುಡದಲ್ಲಿ ಜುಮ್ಮೆನ್ನುವ ಹುಳಿ ಅವ್ವನದೇ ಆಗಿತ್ತು. “ಇನ್ನೊಂದೀಟು ಪುಂಟಿಕೂರ ಹಾಕು” ಎಂದು ಹೆಂಡತಿಗೆ ಹೇಳಿದೆ. ಆ ಮಾತನ್ನು ನಾನು ಆಡಿದ್ದು ಎಷ್ಟೋ ವರ್ಷಗಳ ಮೇಲೆ. ಅವಳು ಬಡಿಸಿದಳು, ಏನೂ ಅನ್ನಲಿಲ್ಲ.

ಸೋಮವಾರ ಆ ವಿದ್ಯಾರ್ಥಿನಿಯಿಂದ ಉತ್ತರಪತ್ರಿಕೆ ಕೇಳಿ ಪಡೆದು ಅರ್ಧ ಅಂಕವನ್ನು ಮರಳಿ ಸೇರಿಸಿದೆ. ಅವಳ ಪ್ರಶ್ನೆಗೆ ಹೀಗೆ ಉತ್ತರಿಸಿದೆ: ಅಕಾರ ಹಕಾರ ತಪ್ಪಿದರೆ, ವಾಕ್ಯದ ಕ್ರಿಯಾಪದ ಕರ್ತೃವಿಗೆ ಹೊಂದದಿದ್ದರೆ ಈಗಲೂ ತಿದ್ದುತ್ತೇನೆ, ತಿದ್ದಲೇಬೇಕು. ಆದರೆ ವಸ್ತುವಿಗೆ ಮನೆ ಇಟ್ಟ ಹೆಸರು ತಪ್ಪಲ್ಲ. ನೀನು ಬರೆದ ‘ಪುಂಟಿಪಲ್ಲೆ’ಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡವಿದೆ, ಪೂರ್ತಿ ನಮ್ಮೂರಿನದು. ಅದು ಕನ್ನಡವೇ. ಅವಳು “ಹೂಂ ರೀ” ಎಂದು ಪತ್ರಿಕೆ ಮಡಚಿಕೊಂಡು ಹೋದಳು.

ಮುಂದಿನ ಸಂಚಿಕೆಗೆ ನಿಮ್ಮೆಲ್ಲರಿಂದ ಒಂದು ಬರಹ ಬೇಕು. ನಾರಾಯಣಪೇಟೆ, ಮಕ್ತಲ್, ಗದ್ವಾಲ, ಯಾವ ಊರಿನವರೇ ಆಗಿರಲಿ, ಮನೆಯ ಅಡುಗೆಕೋಣೆಯಿಂದ ಹತ್ತು ಪದಗಳನ್ನು ತನ್ನಿ. ಹೇಳಿದವರು ಯಾರು, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಕೇಳುವಾಗ ತಿದ್ದಬೇಡಿ. ಅವ್ವ, ಅಜ್ಜಿ, ಆಯಿ ಇದ್ದವರು ಈ ವಾರವೇ ಕೇಳಿ.