ಗೀಸರಿನ ವಯರ್ ಫ್ಯಾನಿಗೆ ಸಾಲದಾ?

“ಅಜ್ಜ, ಈ ವಯರ್ ಎಂತಕ್ಕೆ ಇಷ್ಟು ಬಿಸಿ ಉಂಟು?”

ಏಳನೇ ತರಗತಿಯ ಮೊಮ್ಮಗಳು ಹೀಗೆ ಕೇಳಿದಾಗ ನಾನು ಟಿವಿಯಲ್ಲಿ ವಾರ್ತೆ ನೋಡುತ್ತಿದ್ದೆ. ಮೇ ತಿಂಗಳ ಸಂಜೆ. ಗುಡುಗು ಮಳೆಗೆ ಎಲ್ಲೋ ತೆಂಗಿನ ಮಡಲು ತಂತಿಯ ಮೇಲೆ ಬಿದ್ದಿರಬೇಕು, ಕಾಟಿಪಳ್ಳದ ನಮ್ಮ ಬ್ಲಾಕಿನಲ್ಲಿ ಕರೆಂಟು ಹೋಗಿ ಒಂದು ಗಂಟೆಯಾಗಿತ್ತು. ನಮ್ಮ ಮನೆಯಲ್ಲಿ ಮಾತ್ರ ಫ್ಯಾನು ತಿರುಗುತ್ತಿತ್ತು. ತಾರಸಿಯ ಮೇಲೆ ಎರಡು ಸೋಲಾರ್ ಪ್ಯಾನೆಲ್, ಒಳಗೆ 12 ವೋಲ್ಟಿನ ಒಂದು ಬ್ಯಾಟರಿ, ಒಂದು ಇನ್ವರ್ಟರ್. ನನಗೆ ಅದರ ಮೇಲೆ ಸ್ವಲ್ಪ ಜಂಬವೂ ಇತ್ತು.

“ಮಳೆಗಾಲ ಹತ್ತಿರ ಬಂತಲ್ಲ, ಸೆಕೆಗೆ ಎಲ್ಲವೂ ಬಿಸಿಯೇ” ಎಂದೆ.

“ಗೋಡೆ ತಣ್ಣಗೆ ಉಂಟಲ್ಲ ಅಜ್ಜ! ವಾಸನೆ ಕೂಡ ಬರ್ತಾ ಉಂಟು.”

ಎದ್ದು ಹೋಗಿ ನೋಡಿದೆ. ಹಿಂದಿನ ಜಗಲಿಯಿಂದ ಹಾಲ್‌ಗೆ ಬರುವ ಬ್ಯಾಟರಿ ವಯರಿನ ಸಿಪ್ಪೆ, ಗೋಡೆಗೆ ಕ್ಲಿಪ್ ಹೊಡೆದ ಜಾಗದಲ್ಲಿ ಮೆತ್ತಗಾಗಿ ಹೊಳೆಯುತ್ತಿತ್ತು. ಅದರ ಕೆಳಗೇ ಮೊಮ್ಮಗಳ ಹಾಸಿಗೆ. ನನ್ನ ಎದೆ ಧಸಕ್ಕೆಂದಿತು. ಇನ್ವರ್ಟರ್ ಆಫ್ ಮಾಡಿದೆ. ಆ ರಾತ್ರಿ ನಾವೆಲ್ಲ ಮೇಣದ ಬತ್ತಿ ಹಚ್ಚಿ ಊಟ ಮಾಡಿದೆವು.

ಆ ವಯರ್ ಎಳೆದವನು ನಾನೇ.

ನವ ಮಂಗಳೂರು ಬಂದರು ಕಟ್ಟುವಾಗ ಪಣಂಬೂರಿನ ಸುತ್ತಿನ ಜಾಗ ಬಿಟ್ಟು ಕಾಟಿಪಳ್ಳಕ್ಕೆ ಬಂದ ಕುಟುಂಬಗಳಲ್ಲಿ ನಮ್ಮದೂ ಒಂದು. ಅಪ್ಪನ ಮನೆಗೆ ಮೊದಲು ಕರೆಂಟು ಬಂದಾಗ ಇದ್ದದ್ದು ಮೂರು ಬಲ್ಬು. ಫ್ಯೂಸು ಹೋದರೆ ತಂತಿಯ ಒಂದು ಎಳೆ ಕಿತ್ತು ಕಟ್ಟುವುದು, ಅದೂ ಹೋದರೆ ಎರಡು ಎಳೆ ಕಟ್ಟುವುದು! ನಾನು ಕಲಿತ ಕರೆಂಟಿನ ವಿದ್ಯೆ ಇಷ್ಟೇ. ಆದರೂ ಮನೆಯ ವಯರಿಂಗೆಲ್ಲ ನನಗೆ ಗೊತ್ತು ಎಂಬ ಧೈರ್ಯ.

ಬ್ಯಾಟರಿ ಮೊದಲು ಹಾಲ್‌ನಲ್ಲೇ, ಇನ್ವರ್ಟರಿನ ಪಕ್ಕದಲ್ಲೇ ಇತ್ತು. ಆಸಿಡ್ ವಾಸನೆ ಎಂದು ನಮ್ಮವಳ ತಕರಾರು. ಸೀರೆಯ ಅಂಚಿಗೆ ತೂತು ಬಿದ್ದ ದಿನ ಅದನ್ನು ಜಗಲಿಗೆ ಸಾಗಿಸಿದೆ. ಮೊದಲಿದ್ದ ದಪ್ಪ ವಯರ್ ಅಲ್ಲಿಗೆ ಮುಟ್ಟಲಿಲ್ಲ. ಗೀಸರಿಗೆ ತಂದು ಉಳಿದಿದ್ದ 4 ಚದರ ಮಿಲಿಮೀಟರಿನ ತಾಮ್ರದ ವಯರ್ ಕಪಾಟಿನಲ್ಲಿತ್ತು. 2000 ವ್ಯಾಟಿನ ಗೀಸರಿಗೇ ಸಾಕಾಗುವ ವಯರ್ ಮೂರು ಫ್ಯಾನಿಗೆ ಸಾಲದಾ? ಮೇಲಾಗಿ ಬರೀ 12 ವೋಲ್ಟು, ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ. ಹೀಗೆ ಲೆಕ್ಕ ಹಾಕಿ ಐದು ಮೀಟರ್ ದೂರಕ್ಕೆ ಅದನ್ನೇ ಎಳೆದೆ.

ಅಂದಿನಿಂದ ಇನ್ವರ್ಟರ್ ‘ಕೀಂ ಕೀಂ’ ಎಂದು ಅಳತೊಡಗಿತು. ಬ್ಯಾಟರಿ ಕಡಿಮೆ ಎಂಬ ಕೆಂಪು ದೀಪ. ಮಿಕ್ಸಿ ಹಾಕಿದರೆ ಒಮ್ಮೆಲೇ ಆಫ್. ನಾನು ಬ್ಯಾಟರಿ ಕೊಟ್ಟ ಅಂಗಡಿಗೆ ಹೋಗಿ ಜಗಳ ಮಾಡಿ ಬಂದೆ. ಅಂಗಡಿಯ ಹುಡುಗ ಮನೆಗೇ ಬಂದು ಪರೀಕ್ಷಿಸಿ “ಬ್ಯಾಟರಿ ಫುಲ್ ಉಂಟು ಅಜ್ಜ” ಎಂದರೂ ನಂಬಲಿಲ್ಲ.

ಮರುದಿನ ಬೆಳಿಗ್ಗೆ ನಾವೆಲ್ಲ ‘ವಯರ್‌ಮ್ಯಾನ್ ಕಾಕ’ ಎಂದು ಕರೆಯುವ ಹಿರಿಯರನ್ನು ಕರೆದುಕೊಂಡು ಬಂದೆ. ಅವರು ಮೊದಲು ಕೈಯ ಉಂಗುರ, ವಾಚು ತೆಗೆದು ಕಿಸೆಗೆ ಹಾಕಿಕೊಂಡರು. ಮೊಮ್ಮಗಳು ಯಾಕೆಂದು ಕೇಳಿದಳು.

“ಬ್ಯಾಟರಿಯ ಎರಡು ಕೊಂಬಿಗೆ ಉಂಗುರವೋ ಸ್ಪ್ಯಾನರೋ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ ಮಗಳೇ. ಶಾಕ್ ಹೊಡೆಯದಿದ್ದರೇನು, ಬೆರಳು ಸುಡುವುದಿಲ್ಲವಾ?”

ನಂತರ ವಯರ್ ನೋಡಿ ನನ್ನ ಕಡೆ ತಿರುಗಿದರು. “ಇದು ನಿಮ್ಮ ಕೆಲಸವಾ?”

ನಾನು ಗೀಸರಿನ ಲೆಕ್ಕ ಹೇಳಿದೆ. ಕಾಕ ನಗಲಿಲ್ಲ. ಮೊಮ್ಮಗಳ ನೋಟ್‌ಬುಕ್ ಕೇಳಿ ತೆಗೆದುಕೊಂಡರು.

“ವ್ಯಾಟನ್ನು ವೋಲ್ಟಿನಿಂದ ಭಾಗಿಸು. ವಯರಿನಲ್ಲಿ ಹರಿಯುವ ಆಂಪಿಯರ್ ಸಿಗುತ್ತದೆ. ಗೀಸರ್ 2000 ವ್ಯಾಟ್, 230 ವೋಲ್ಟು. ಎಷ್ಟಾಯಿತು?”

“ಹತ್ತಿರ ಹತ್ತಿರ 9.”

“ಈಗ ನಿಮ್ಮ ಮೂರು ಫ್ಯಾನು, ಐದು ದೀಪ, ಒಂದು ಟಿವಿ. ಒಟ್ಟು 360 ವ್ಯಾಟ್ ಅಂತ ಇಟ್ಟುಕೋ. ಬ್ಯಾಟರಿ 12 ವೋಲ್ಟು.”

“30!” ಅವಳ ಕಣ್ಣು ಅರಳಿತು.

“ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ. 35 ಅಂತ ಬರೆ. ಮಿಕ್ಸಿ ಸೇರಿದರೆ 80 ದಾಟುತ್ತದೆ.”

ನಾನು ಸುಮ್ಮನೆ ಕೂತೆ. ಗೀಸರಿನ ನಾಲ್ಕು ಪಟ್ಟು ಕರೆಂಟನ್ನು ಗೀಸರಿನ ವಯರಿನಲ್ಲಿ ಹರಿಸಿದ್ದೆ!

ಕಾಕ ತೋಡಿನ ಉದಾಹರಣೆ ಕೊಟ್ಟರು. ಎತ್ತರದಿಂದ ಬೀಳುವ ನೀರು ಸಪೂರ ಇದ್ದರೂ ಚಕ್ರ ತಿರುಗಿಸುತ್ತದೆ. ತಗ್ಗಿನಲ್ಲಿ ಹರಿಯುವ ನೀರು ಅದೇ ಕೆಲಸ ಮಾಡಬೇಕಾದರೆ ತುಂಬಾ ನೀರು ಬೇಕು, ಅದಕ್ಕೆ ಅಗಲದ ತೋಡೂ ಬೇಕು. ವೋಲ್ಟು ಎಂದರೆ ಎತ್ತರ, ಆಂಪಿಯರ್ ಎಂದರೆ ನೀರಿನ ಪ್ರಮಾಣ, ವಯರಿನ ದಪ್ಪ ಎಂದರೆ ತೋಡಿನ ಅಗಲ.

ಉಳಿದ ಲೆಕ್ಕವನ್ನು ಅಜ್ಜ ಮೊಮ್ಮಗಳು ಸೇರಿ ಮಾಡಿದೆವು. ಹೋಗುವ ವಯರ್ ಐದು ಮೀಟರ್, ಬರುವುದು ಐದು ಮೀಟರ್, ಒಟ್ಟು ಹತ್ತು. ಅಷ್ಟುದ್ದದ ಆ ವಯರಿನ ತಡೆ ಸುಮಾರು 0.05 ಓಮ್. 35 ಆಂಪಿಯರ್ ಹರಿದರೆ ದಾರಿಯಲ್ಲೇ ಒಂದೂ ಮುಕ್ಕಾಲು ವೋಲ್ಟು ನಷ್ಟ. ಮಿಕ್ಸಿ ಹಾಕಿದಾಗ 4 ವೋಲ್ಟು. ಬ್ಯಾಟರಿ ತುಂಬಿದ್ದರೂ ಇನ್ವರ್ಟರಿಗೆ ಮುಟ್ಟುತ್ತಿದ್ದದ್ದು ಎಂಟೂವರೆ ವೋಲ್ಟಿನಷ್ಟು. ಪಾಪ, ಅದು ಅಳದೆ ಇನ್ನೇನು ಮಾಡೀತು?

ದಾರಿಯಲ್ಲಿ ನಷ್ಟವಾದದ್ದೇ ಶಾಖವಾಗುತ್ತದೆ. ಅದರ ಲೆಕ್ಕ 61 ವ್ಯಾಟ್ ಬಂತು. ಅಜ್ಜ ಅಜ್ಜಿಯರಿಗೆ ಹಳೆಯ 60 ವ್ಯಾಟಿನ ಗಾಜಿನ ಬಲ್ಬು ನೆನಪಿರಬಹುದು, ಉರಿಯುವಾಗ ಮುಟ್ಟಲು ಆಗುತ್ತಿರಲಿಲ್ಲ. ಅಂಥ ಒಂದು ಬಲ್ಬಿನ ಶಾಖವನ್ನು ನಾನು ಮಗುವಿನ ತಲೆಯ ಮೇಲಿನ ವಯರಿನೊಳಗೆ ಇಟ್ಟಿದ್ದೆ. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ ಎಂದು ಕಾಕ ಹೇಳಿದಾಗ ಮಿಕ್ಸಿ ನೆನೆದು ಮೈ ಜುಮ್ಮೆಂದಿತು.

“ಫ್ಯೂಸು ಉಂಟಲ್ಲ ಕಾಕ?” ಎಂದಳು ಮೊಮ್ಮಗಳು.

“ಉಂಟು, 100 ಆಂಪಿಯರಿನದ್ದು. ಅದು ಮೊದಲಿನ ದಪ್ಪ ವಯರಿಗೆ ಇಟ್ಟ ಕಾವಲುಗಾರ. ನಿನ್ನ ಅಜ್ಜ ವಯರ್ ಬದಲಿಸಿದರು, ಕಾವಲುಗಾರನನ್ನು ಬದಲಿಸಲಿಲ್ಲ. ಈ ವಯರ್ ಸುಟ್ಟು ಹೋದರೂ ಅವನಿಗೆ ಎಚ್ಚರ ಆಗುವುದಿಲ್ಲ.”

ಫ್ಯೂಸು ಇರುವುದು ಫ್ಯಾನನ್ನೋ ಟಿವಿಯನ್ನೋ ಕಾಯುವುದಕ್ಕೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅದು ಕಾಯುವುದು ವಯರನ್ನು. ಎಂಸಿಬಿಯೂ ಹಾಗೆಯೇ. ಮೊದಲು ಲೋಡು ನೋಡಿ ವಯರ್, ಆಮೇಲೆ ಆ ವಯರಿಗೆ ತಕ್ಕ ಎಂಸಿಬಿ. ಪದೇ ಪದೇ ಬೀಳುತ್ತದೆ ಎಂದು ದೊಡ್ಡ ಎಂಸಿಬಿ ಹಾಕುವುದೂ, ನಾವು ಹಿಂದೆ ಫ್ಯೂಸಿಗೆ ಎರಡು ಎಳೆ ಕಟ್ಟುತ್ತಿದ್ದದ್ದೂ ಒಂದೇ ತಪ್ಪು.

ಕಾಕ ಬ್ಯಾಟರಿಯನ್ನು ಹಾಲ್‌ಗೆ ತರಲಿಲ್ಲ. ಇನ್ವರ್ಟರನ್ನೇ ಜಗಲಿಗೆ ಕೊಂಡುಹೋಗಿ ಗಾಳಿಯಾಡುವ ಜಾಗದಲ್ಲಿ ಬ್ಯಾಟರಿಯ ಹತ್ತಿರ ಕೂರಿಸಿದರು. ನಡುವೆ 25 ಚದರ ಮಿಲಿಮೀಟರಿನ ವಯರ್, ಒಂದೇ ಮೀಟರ್. ಈಗ ಅದರಲ್ಲಿ ಹೋಗುವ ನಷ್ಟ 2 ವ್ಯಾಟ್. ಜಗಲಿಯಿಂದ ಹಾಲ್‌ಗೆ ಬರುವುದು 230 ವೋಲ್ಟಿನ ವಯರ್. ಅಲ್ಲಿ ಹರಿಯುವುದು 2 ಆಂಪಿಯರ್ ಕೂಡ ಇಲ್ಲ, ಒಂದೂವರೆ ಚದರ ಮಿಲಿಮೀಟರಿನದ್ದೇ ಸಾಕು. ಅದಕ್ಕೆ ಬೇರೆಯೇ ಸಣ್ಣ ಬೋರ್ಡು, 6 ಆಂಪಿಯರಿನ ಎಂಸಿಬಿ. ಮಿಕ್ಸಿಯನ್ನು ಆ ಬೋರ್ಡಿನಿಂದ ಹೊರಗಿಟ್ಟರು. ಕರೆಂಟು ಇಲ್ಲದ ದಿನ ಅರೆಯುವ ಕಲ್ಲು ಉಂಟು ಎಂದು ನಮ್ಮವಳ ಮುಖ ನೋಡಿ ನಕ್ಕರು. ಅವಳು ನಗಲಿಲ್ಲ.

ದೂರ ಹೋಗಬೇಕಾದ ಕರೆಂಟು ಹೆಚ್ಚು ವೋಲ್ಟಿನಲ್ಲಿ ಹೋಗಬೇಕು. ಉಡುಪಿ ಜಿಲ್ಲೆಯ ಎಲ್ಲೂರಿನ ಸ್ಥಾವರದಿಂದ ಹಾಸನಕ್ಕೆ ಘಟ್ಟ ಹತ್ತಿ ಹೋಗುವ ಲೈನಿನಲ್ಲಿ 4 ಲಕ್ಷ ವೋಲ್ಟು ಇರುವುದೂ ಇದೇ ಕಾರಣಕ್ಕೆ ಎಂದು ಕಾಕ ಹೇಳಿದರು. ಹೋಗುವಾಗ ಮೊಮ್ಮಗಳಿಗೆ ಒಂದು ಬುದ್ಧಿಮಾತು: “ಇನ್ನು ವಯರ್ ಮುಟ್ಟಿ ನೋಡಬೇಡ ಮಗಳೇ, 230 ಬಿಡುವುದಿಲ್ಲ. ವಾಸನೆ ಬಂದರೆ ದೊಡ್ಡವರಿಗೆ ಹೇಳು.” ನನಗೆ ಹೇಳಿದ್ದು ಇಷ್ಟೇ: “ಮಕ್ಕಳು ಹೇಳಿದರೆ ಎದ್ದು ಹೋಗಿ ನೋಡಿ.”

ಭಾನುವಾರ ಬ್ಯಾಟರಿ ಅಂಗಡಿಗೆ ಹೋಗಿ ಹುಡುಗನಲ್ಲಿ ತಪ್ಪಾಯಿತು ಎಂದೆ. ಹೇಳುವವರೆಗೆ ಕಷ್ಟ, ಹೇಳಿದ ಮೇಲೆ ಹಗುರ.

ಈಗ ಮಗ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಸೋಲಾರ್ ಹಾಕಿಸುವ ಮಾತೆತ್ತಿದ್ದಾನೆ. 2024ರಲ್ಲಿ ಶುರುವಾದ ಈ ಯೋಜನೆಯಲ್ಲಿ ಅಷ್ಟು ದೊಡ್ಡದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಮೊನ್ನೆ ತಾರಸಿ ಅಳೆಯಲು ಬಂದವರ ಮುಂದೆ ಮೊಮ್ಮಗಳು ನೋಟ್‌ಬುಕ್ ಹಿಡಿದು ನಿಂತಳು.

“3000 ವ್ಯಾಟನ್ನು 12ರಿಂದ ಭಾಗಿಸಿದರೆ 250 ಆಂಪಿಯರ್ ಆಗ್ತದಲ್ಲ ಅಂಕಲ್? ವಯರ್ ಎಷ್ಟು ದಪ್ಪ?”

ಅವರು ನಕ್ಕು ವಿವರಿಸಿದರು. ಆರು ಪ್ಯಾನೆಲ್‌ಗಳನ್ನು ಸರಪಳಿಯಂತೆ ಒಂದರ ಹಿಂದೆ ಒಂದು ಜೋಡಿಸುತ್ತಾರಂತೆ. ಒಂದೊಂದರ 40 ವೋಲ್ಟು ಕೂಡಿ 240 ಆಗುತ್ತದೆ, ಹರಿಯುವುದು 13 ಆಂಪಿಯರ್ ಮಾತ್ರ. ಅದಕ್ಕೆ 4 ಚದರ ಮಿಲಿಮೀಟರಿನ ಸೋಲಾರ್ ವಯರ್ ಸಾಕು. ಮತ್ತೊಂದು ಮಾತನ್ನೂ ಹೇಳಿದರು. ಬೀದಿಯ ಕರೆಂಟು ಹೋದರೆ ಈ ಸೋಲಾರ್ ಕೂಡ ತಾನಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮ್ಯಾನಿಗೆ ನಮ್ಮ ಮನೆಯ ಕರೆಂಟು ಹೊಡೆದೀತು. ಹಾಗಾಗಿ ಜಗಲಿಯ ಹಳೆಯ ಬ್ಯಾಟರಿ ಅಲ್ಲಿಯೇ ಇರಲಿ ಎಂದು ತೀರ್ಮಾನವಾಯಿತು.

ಮೊಮ್ಮಗಳು ಎಲ್ಲ ಬರೆದುಕೊಂಡು ಪುಟ ತಿರುಗಿಸಿದಳು.

“ಮತ್ತೆ ಫ್ಯೂಸು ಎಷ್ಟರದ್ದು ಅಂಕಲ್? ನಮ್ಮ ಅಜ್ಜ ಅದನ್ನು ಕೇಳುವುದು ಮರೀತಾರೆ.”