ಎರಡೂವರೆ ಮಿಲಿಮೀಟರ್ ಬಿರುಕು

ಉಕ್ಕಿನಲ್ಲಿ ಬಿರುಕು ಹೇಗೆ ಬೆಳೆಯುತ್ತದೆ ಎನ್ನುವುದು ನನ್ನ ಪಿಎಚ್‌ಡಿ ವಿಷಯ. ಹಾಗೆಂದ ಕೂಡಲೇ ಕೇಳಿದವರು ‘ಓಹೋ’ ಎಂದು ಮಾತು ಬದಲಿಸುತ್ತಾರೆ. ಅಂಥವರಿಗೆ ನಾನು ಸಿಲ್ವರ್ ಬ್ರಿಡ್ಜ್ ಕತೆ ಹೇಳುತ್ತೇನೆ.

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಪಾಯಿಂಟ್ ಪ್ಲೆಸೆಂಟ್ ಎಂಬ ಪುಟ್ಟ ಊರಿದೆ. ಅಲ್ಲಿ ಓಹಾಯೋ ನದಿಗೆ 1928ರಲ್ಲಿ ಕಟ್ಟಿದ ಹೆದ್ದಾರಿ ತೂಗುಸೇತುವೆ ಅದು. ಅಲ್ಯೂಮಿನಿಯಂ ಬಣ್ಣ ಬಳಿದಿದ್ದರಿಂದ ಆ ಹೆಸರು. ಮೊದಲ ನಕ್ಷೆಯಲ್ಲಿ ತಂತಿ ಹುರಿಯಿಂದ ತೂಗುಹಾಕುವುದೆಂದಿತ್ತು. ಖರ್ಚು ಕಡಿಮೆಯೆಂದು ಕೊನೆಗೆ ಆರಿಸಿಕೊಂಡದ್ದು ಐಬಾರ್ ಸರಪಳಿಯನ್ನು. ಐಬಾರ್ ಎಂದರೆ ಎರಡೂ ತುದಿಯಲ್ಲಿ ಸೂಜಿಗಿರುವಂತೆ ಕಣ್ಣಿರುವ ಉದ್ದನೆಯ ಉಕ್ಕಿನ ಪಟ್ಟಿ. ಸೈಕಲ್ ಚೈನನ್ನು ನೆನಪಿಸಿಕೊಳ್ಳಿ: ಒಂದೊಂದು ಕೊಂಡಿಗೂ ಆಚೆ ಈಚೆ ಎರಡು ಪಟ್ಟಿ, ಅವನ್ನು ಪೋಣಿಸಲು ಪಿನ್ನು. ಇದೂ ಹಾಗೆಯೇ. ಪಟ್ಟಿಯೊಂದು ಸುಮಾರು ಹದಿನೈದು ಮೀಟರ್ ಉದ್ದ, ಐದು ಸೆಂಟಿಮೀಟರ್ ದಪ್ಪ, ಅಷ್ಟೇ ವ್ಯತ್ಯಾಸ.

ಬೇರೆ ಐಬಾರ್ ಸೇತುವೆಗಳಲ್ಲಿ ಒಂದು ಕೊಂಡಿಗೆ ನಾಲ್ಕೋ ಅದಕ್ಕಿಂತ ಹೆಚ್ಚೋ ಪಟ್ಟಿಗಳಿರುತ್ತಿದ್ದವು. ಇಲ್ಲಿ ಎರಡೇ ಸಾಕಾದವು, ಯಾಕೆಂದರೆ ಇದು ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದಮಾಡಿದ ಗಟ್ಟಿ ಉಕ್ಕು. ನನ್ನ ತಕರಾರು ಶುರುವಾಗುವುದೇ ಈ ‘ಗಟ್ಟಿ’ ಎಂಬ ಮಾತಿನಿಂದ. ಚಿಕ್ಕಿಯ ಪಾಕ ಎಳಸಾಗಿದ್ದರೆ ಎಳೆದಾಗ ಹಿಗ್ಗುತ್ತದೆ, ಬಲಿತಿದ್ದರೆ ಲಟಕ್ಕನೆ ಮುರಿಯುತ್ತದೆ. ಮೆದು ಉಕ್ಕಿನಲ್ಲಿ ದೊಡ್ಡ ಬಿರುಕು ಬಿದ್ದರೂ ಅದು ಹಿಗ್ಗಿ, ಬಾಗಿ ಒಂದಷ್ಟು ಕಾಲ ತಾಳಿಕೊಳ್ಳುತ್ತದೆ, ಅಷ್ಟರಲ್ಲಿ ಯಾರದಾದರೂ ಕಣ್ಣಿಗೆ ಬೀಳುತ್ತದೆ. ಹೀಗೆ ಗಟ್ಟಿ ಮಾಡಿದ ಉಕ್ಕು, ಅದರಲ್ಲೂ ಚಳಿಯಲ್ಲಿ, ಸಣ್ಣ ಬಿರುಕನ್ನೂ ಸಹಿಸಲಿಲ್ಲ.

1967ರ ಡಿಸೆಂಬರ್ 15, ಶುಕ್ರವಾರ. ಸಂಜೆ ಐದರ ಹೊತ್ತು, ಕ್ರಿಸ್‌ಮಸ್‌ಗೆ ಹತ್ತು ದಿನ ಬಾಕಿ, ಸೇತುವೆ ತುಂಬ ವಾಹನ. ಓಹಾಯೋ ಕಡೆಯ ಗೋಪುರದ ಹತ್ತಿರ 330ನೇ ನಂಬರಿನ ಐಬಾರು ತನ್ನ ಕಣ್ಣಿನ ಬಳಿ ಸೀಳಿತು. ಜೊತೆಯ ಪಟ್ಟಿ ಒಂಟಿಯಾಗಿ ಭಾರ ಹೊರಲಾರದೆ ಪಿನ್ನಿನಿಂದ ಕಳಚಿತು. ಸುಮಾರು ಒಂದು ನಿಮಿಷದಲ್ಲಿ ಇಡೀ ಸೇತುವೆ ನೆಲಕಚ್ಚಿತು. 46 ಜನ ಸತ್ತರು, ಇಬ್ಬರ ದೇಹ ಸಿಗಲೇ ಇಲ್ಲ.

ತನಿಖೆಯವರು ನದಿಯಿಂದ ಉಕ್ಕನ್ನೆಲ್ಲ ಎತ್ತಿಸಿ, ಬಯಲಲ್ಲಿ ಮೊದಲಿನಂತೆ ಜೋಡಿಸಿಟ್ಟು ನೋಡಿದರು. ಕಣ್ಣಿನ ಒಳಮೈಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕು ಸಿಕ್ಕಿತು. ನಲವತ್ತು ವರ್ಷ ತುಕ್ಕು ಮತ್ತು ಎಳೆತ ಸೇರಿ ಬೆಳೆಸಿದ್ದು. ಆ ಬಗೆಯ ಉಕ್ಕಿಗೆ ಅಂಥ ಊರಿನ ಹವೆಯಲ್ಲಿ ಹಾಗಾಗಬಹುದೆಂದು ಕಟ್ಟಿದ ಕಾಲದಲ್ಲಿ ತಿಳಿದಿರಲಿಲ್ಲ. ನಮ್ಮ ಪ್ರಯೋಗಾಲಯದ ಯಂತ್ರ ಅಂಗೈಯಗಲದ ತುಂಡನ್ನು ಲಕ್ಷಗಟ್ಟಲೆ ಸಲ ಎಳೆದು ಬಿಡುತ್ತದೆ. ಬಿರುಕು ಎರಡೂವರೆ ಮಿಲಿಮೀಟರ್ ಮುಟ್ಟಿದಾಗ ಪರದೆಯ ಮೇಲೆ ಒಂದು ಅಂಕಿ ಬದಲಾಗುತ್ತದೆ, ಸದ್ದೇನೂ ಆಗುವುದಿಲ್ಲ.

46 ಸಾವಿಗೆ ಇಷ್ಟು ಸಣ್ಣ ಕಾರಣವನ್ನು ಮನಸ್ಸು ಒಪ್ಪುವುದು ಕಷ್ಟ. ಪಾಯಿಂಟ್ ಪ್ಲೆಸೆಂಟ್‌ನಲ್ಲಿ ಅದಕ್ಕೆ ಹಿಂದಿನ ವರ್ಷದಿಂದ ರೆಕ್ಕೆಯಿರುವ, ಕೆಂಪು ಕಣ್ಣಿನ ಆಕೃತಿಯೊಂದನ್ನು ಕಂಡೆವೆಂದು ಕೆಲವರು ಹೇಳುತ್ತಿದ್ದರು. ದುರಂತದ ಜೊತೆ ಆ ‘ಮಾತ್‌ಮ್ಯಾನ್’ ತಳುಕು ಹಾಕಿಕೊಂಡ. ಇವತ್ತು ಊರಲ್ಲಿ ಅವನ ಪ್ರತಿಮೆಯಿದೆ. ನನ್ನ ಅಜ್ಜಿಗೆ ಈ ಕತೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, “ಕಟ್ಟುವಾಗ ಬಲಿ ಕೊಟ್ಟಿರ್ಲಿಲ್ವೇನೇ?” ‘ಕೆರೆಗೆ ಹಾರ’ ಕೇಳಿ ಬೆಳೆದ ನಾಡಿನವಳು, ನಾನು ನಗಲಿಲ್ಲ. ಕೊಂಡಿಗೆ ಎರಡೇ ಪಟ್ಟಿ ಇದ್ದವು ಅಂದೆ. ಅವಳು ತಕ್ಷಣ, “ಎರಡೇನಾ? ನಿಮ್ಮಜ್ಜ ಅಡಿಕೆ ಚಪ್ಪರಕ್ಕೇ ಹೆಚ್ಚಿಗೆ ಗೂಟ ಹಾಕಿಸ್ತಿದ್ರು” ಅಂದಳು. ನನ್ನ ಪ್ರಬಂಧದ ಮೊದಲ ಅಧ್ಯಾಯ ಇದನ್ನೇ ಹೇಳಲು ಮೂವತ್ತು ಪುಟ ತೆಗೆದುಕೊಂಡಿದೆ.

ಅಜ್ಜಿಯ ಲೆಕ್ಕಕ್ಕೆ ಸಾಕ್ಷಿ ಬ್ರೆಜಿಲ್‌ನಲ್ಲಿದೆ. ಫ್ಲೋರಿಯಾನೊಪೊಲಿಸ್‌ನ ಎರ್ಸಿಲಿಯೊ ಲೂಸ್ ಸೇತುವೆ 1926ರದು, ಬಹುಪಾಲು ಅದೇ ವಿನ್ಯಾಸ, ಆದರೆ ಕೊಂಡಿಗೆ ನಾಲ್ಕು ಪಟ್ಟಿ. 1982ರಲ್ಲಿ ಅದರದ್ದೂ ಒಂದು ಐಬಾರು ಬಿರುಕು ಬಿಟ್ಟದ್ದು ಗೊತ್ತಾಗಿ ಸಂಚಾರ ನಿಲ್ಲಿಸಿದರು. ಸೇತುವೆ ಬೀಳಲಿಲ್ಲ. ದುರಸ್ತಿ ಎಳೆದಾಡಿಕೊಂಡು ಹೋಗಿ 2019ರ ಕೊನೆಗೆ ಮತ್ತೆ ತೆರೆಯಿತು.

ಸಿಲ್ವರ್ ಬ್ರಿಡ್ಜ್ ಬಿದ್ದ ಮೇಲೆ ಅಮೆರಿಕದಲ್ಲಿ ಹೆದ್ದಾರಿ ಸೇತುವೆಗಳ ತಪಾಸಣೆಗೆ ಇಡೀ ದೇಶಕ್ಕೆ ಅನ್ವಯಿಸುವ ನಿಯಮಗಳು ಬಂದವು. ಅದರ ಅವಳಿಯಂಥ ಇನ್ನೊಂದು ಸೇತುವೆ ಅದೇ ನದಿಯ ಮೇಲ್ಭಾಗದಲ್ಲಿ, ಸೇಂಟ್ ಮೇರೀಸ್ ಊರಲ್ಲಿತ್ತು. ಅದರ ಐಬಾರುಗಳ ಕಣ್ಣೊಳಗೆ ಬಿರುಕಿದೆಯೇ ಎಂದು ನೋಡಬೇಕಾದರೆ ಕೀಲು ಬಿಚ್ಚಬೇಕು. ಕೀಲು ಬಿಚ್ಚಿದರೆ ಸೇತುವೆ ನಿಲ್ಲುವುದಿಲ್ಲ. 1971ರಲ್ಲಿ ಅದನ್ನು ಕೆಡವಿಹಾಕಿದರು.